ಕಮ್ಮಟ, ಶಿಬಿರ, ಅಟ್ಟ: ನಿಮ್ಮ ಕಥೆಯನ್ನ ಎಲ್ಲಿಗೆ ಒಯ್ಯಬೇಕು?

ಹೋದ ತಿಂಗಳು ಮೂವರು ನನಗೆ ಒಂದೇ ಪ್ರಶ್ನೆ ಕೇಳಿದರು. ಒಬ್ಬಳು ಧಾರವಾಡದ ಸಪ್ತಾಪುರದ ರೂಮಿನಲ್ಲಿ ಕೆ.ಎ.ಎಸ್. ಪರೀಕ್ಷೆಗೆ ಓದುತ್ತಿರುವ ಹುಡುಗಿ. ಸಾಮಾನ್ಯ ಜ್ಞಾನದ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಕಥೆ ಬರೆಯುತ್ತಾಳೆ. ಇನ್ನೊಬ್ಬರು ಗದಗಿನ ಬ್ಯಾಂಕ್ ನೌಕರರು, ಗಜಲ್ ಹುಚ್ಚು ಹಿಡಿಸಿಕೊಂಡವರು. ಮೂರನೆಯವರು ಸವಣೂರು ಕಡೆಯ ಸರಕಾರಿ ಶಾಲೆಯ ಅಕ್ಕೋರು. ಮಕ್ಕಳಿಗಾಗಿ ಪದ್ಯ ಬರೆದು ಯಾರಿಗೂ ತೋರಿಸದೆ ಇಟ್ಟಿದ್ದಾರೆ. ಮೂವರದ್ದೂ ಇದೇ ಮಾತು: "ಕಮ್ಮಟಕ್ಕ ಹೋಗಬೇಕು ಅನ್ಕೊಂಡೇನ್ರಿ. ಯಾವುದಕ್ಕ ಹೋಗ್ಲಿ?" ಕಮ್ಮಟ ಅಂದರೆ ಇಲ್ಲಿ ಬರೆಯುವವರು ಸೇರಿ ಓದಿ, ಚರ್ಚಿಸಿ ಕಲಿಯುವ ಕಾರ್ಯಾಗಾರ.

ಮೂವರಿಗೂ ಒಂದೇ ಉತ್ತರ ಕೊಡಲು ಬರುವುದಿಲ್ಲ. ಒಬ್ಬರ ಕೈಯಲ್ಲಿ ದುಡ್ಡಿದೆ, ಹೊತ್ತಿಲ್ಲ. ಇನ್ನೊಬ್ಬರಿಗೆ ಹೊತ್ತಿದೆ, ದುಡ್ಡಿಲ್ಲ. ಬರೆಯುವ ಪ್ರಕಾರವೂ ಬೇರೆ. ನಾನು ಹತ್ತು-ಹನ್ನೆರಡು ವರ್ಷದಿಂದ ಹುಬ್ಬಳ್ಳಿ-ಧಾರವಾಡದ ಕಮ್ಮಟಗಳಲ್ಲಿ ಕೂತವನು. ಒಂದೆರಡು ಕಡೆ ಖುರ್ಚಿ ಹಾಕಿ, ಚಹಾ ಹಂಚಿದ್ದೂ ಇದೆ. ಈಗ ಒಂದು ಸಣ್ಣ ಗುಂಪಿನಲ್ಲಿದ್ದೇನೆ. ನನಗೆ ಕಂಡದ್ದನ್ನ ಹೇಳುತ್ತೇನೆ, ಆಯ್ಕೆ ನಿಮ್ಮದು.

ಮೊದಲು ಅಳತೆಗೋಲು

ಪೋಸ್ಟರ್ ಮೇಲೆ ಯಾರ ಫೋಟೊ ಇದೆ ಅಂತ ನೋಡಿ ಕಮ್ಮಟ ಆರಿಸುವವರು ಜಾಸ್ತಿ. ನಾನೂ ಹಾಗೇ ಮಾಡುತ್ತಿದ್ದೆ. ಈಗ ಮೊದಲು ಲೆಕ್ಕ ಹಾಕುವುದು ನಿಮಿಷ. ನನ್ನ ಹಾಳೆ ಎಷ್ಟು ನಿಮಿಷ ಮೇಜಿನ ಮೇಲೆ ಇರುತ್ತದೆ?

ಒಂದು ದಿನದ ಕಮ್ಮಟ, 60 ಜನ ಅಂತ ಇಟ್ಟುಕೊಳ್ಳಿ. ಬೆಳಗ್ಗೆ 10ರಿಂದ ಸಂಜೆ 5, ಅಂದರೆ 7 ತಾಸು. ಉದ್ಘಾಟನೆಗೆ ಒಂದೂವರೆ ತಾಸು ಹೋಯಿತು, ಯಾಕೆಂದರೆ ಅತಿಥಿಗಳು ಬರುವುದೇ ಹನ್ನೊಂದಕ್ಕೆ. ಎರಡು ಉಪನ್ಯಾಸಕ್ಕೆ ಎರಡು ತಾಸು. ಊಟಕ್ಕೆ ಒಂದು. ಸಮಾರೋಪ, ಪ್ರಮಾಣಪತ್ರ, ಗ್ರೂಪ್ ಫೋಟೊ ಸೇರಿ ಇನ್ನೊಂದು. ಉಳಿದದ್ದು ಒಂದೂವರೆ ತಾಸು, ಅಂದರೆ 90 ನಿಮಿಷ. 60 ಜನಕ್ಕೆ ಹಂಚಿದರೆ ತಲೆಗೆ ಒಂದೂವರೆ ನಿಮಿಷ. ಒಂದು ಹನಿಗವನ ಓದಬಹುದು. ಕಥೆಯಾದರೆ ಹೆಸರು ಹೇಳಿ ಕೂಡಬೇಕು.

ಈಗ ಎಂಟು ಜನರ ಗುಂಪು. ವಾರಕ್ಕೆ ಎರಡು ತಾಸು, ಉಪನ್ಯಾಸ ಇಲ್ಲ. ತಲೆಗೆ 15 ನಿಮಿಷ. ಎಂಟು ವಾರ ನಡೆದರೆ ನಿಮ್ಮ ಬರವಣಿಗೆಯ ಮೇಲೆಯೇ ಎರಡು ತಾಸು ಮಾತು ಆಗುತ್ತದೆ. ವ್ಯತ್ಯಾಸ ದೊಡ್ಡದು, ಅಲ್ವಾ?

ಎರಡನೆಯದು, ಅದೇ ಹಾಳೆಯನ್ನ ತಿದ್ದಿಕೊಂಡು ಮತ್ತೊಮ್ಮೆ ಒಯ್ಯಲು ಅಲ್ಲಿ ದಾರಿ ಇದೆಯಾ? ನನ್ನ ಮಟ್ಟಿಗೆ ಇದೇ ಮುಖ್ಯ. ಹಲಗೆ-ಬಳಪ ಹಿಡಿಯೋದಿಲ್ಲ, ಇಟ್ಟ ಪದ ಅಳಿಸೋದಿಲ್ಲ ಅಂತ ಗದುಗಿನ ನಾರಣಪ್ಪ ಹೇಳಿಕೊಂಡ. ಅವನಿಗೆ ಅದು ಸಲ್ಲುತ್ತದೆ. ನಮಗೆ ರಬ್ಬರೇ ಗತಿ. ಒಂದೇ ಸಲ ಓದಿ ಚಪ್ಪಾಳೆ ತೊಗೊಂಡು ಬಂದರೆ ತಿದ್ದುವ ಕೆಲಸ ಶುರುವೇ ಆಗುವುದಿಲ್ಲ.

ಮೂರನೆಯದು ನಮ್ಮ ಕಡೆಯವರಿಗೇ ಇರುವ ತೊಡಕು, ಭಾಷೆ. ಅದಕ್ಕೆ ಆಮೇಲೆ ಬರುತ್ತೇನೆ. ದುಡ್ಡು, ಪ್ರಯಾಣ, ಮನೆಯಿಂದ ಹೊರಗೆ ಇರಬಹುದಾದ ತಾಸುಗಳು, ಇವನ್ನು ಬೇರೆ ಹೇಳಬೇಕಾಗಿಲ್ಲ.

ಸಂಘ-ಸಂಸ್ಥೆಗಳ ಒಂದು ದಿನದ ಕಮ್ಮಟ

ಧಾರವಾಡದಲ್ಲಿ ಇದಕ್ಕೆ ಬರ ಇಲ್ಲ. 1890ರಲ್ಲಿ ಶುರುವಾದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ವರ್ಷವಿಡೀ ಒಂದಿಲ್ಲೊಂದು ಕಾರ್ಯಕ್ರಮ ಇರುತ್ತದೆ. ಸಾಧನಕೇರಿಯ ಬೇಂದ್ರೆ ಭವನ ಇದೆ, ವಿಶ್ವವಿದ್ಯಾಲಯ ಇದೆ, ಕಾಲೇಜುಗಳ ಕನ್ನಡ ವಿಭಾಗಗಳಿವೆ. ಗದಗ, ಹಾವೇರಿಯಲ್ಲಿ ಸಾಹಿತ್ಯ ಪರಿಷತ್ತಿನ ಜಿಲ್ಲಾ, ತಾಲೂಕು ಘಟಕಗಳಿವೆ. ಪತ್ರಿಕೆಯ ಸ್ಥಳೀಯ ಪುಟದಲ್ಲಿ ದಿನದ ಕಾರ್ಯಕ್ರಮಗಳ ಕಾಲಂ ನೋಡುತ್ತಿದ್ದರೆ ಗೊತ್ತಾಗುತ್ತದೆ. ಇಂಥ ಕಮ್ಮಟ ಸಾಮಾನ್ಯವಾಗಿ ಪುಕ್ಕಟೆ, ಇಲ್ಲವೇ ನೂರಿನ್ನೂರು ರೂಪಾಯಿ. ಊಟವೂ ಇರುತ್ತದೆ.

ಇದರ ಬಗ್ಗೆ ನನಗೊಂದು ಹಳೇ ಸಿಟ್ಟಿದೆ. ಎಲ್ಲಿ, ಯಾರದು ಅಂತ ಹೇಳುವುದಿಲ್ಲ. ಆರು ಪುಟದ ಕಥೆ ಬರೆದು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಿದ್ದೆ. ನನ್ನ ಪಾಳಿ ಬರುವ ಹೊತ್ತಿಗೆ ಊಟದ ಕರೆ ಬಂತು. "ಊಟ ಆದಮ್ಯಾಲೆ ನಿಮ್ಮದೇ ಮೊದಲು" ಅಂದರು. ಊಟ ಆಯಿತು. ಮುಖ್ಯ ಅತಿಥಿಗಳಿಗೆ ರೈಲಿಗೆ ಹೊತ್ತಾಗಿತ್ತು, ಸಮಾರೋಪ ಮುಂದೆ ಬಂತು. "ಕಮ್ಮಟದಲ್ಲಿ ಸಕ್ರಿಯವಾಗಿ ಭಾಗವಹಿಸಿದ್ದಾರೆ" ಅಂತ ನನಗೂ ಪ್ರಮಾಣಪತ್ರ ಕೊಟ್ಟರು. ಆರು ಪುಟದ ಕಥೆ ಇದ್ದಂಗೇ ಚೀಲದಲ್ಲಿತ್ತು.

ಹಾಗಂತ ಇದು ದಂಡ ಅಲ್ಲ. ಬರೆದದ್ದನ್ನ ತಿದ್ದಿಸಿಕೊಳ್ಳಲು ಒಳ್ಳೇ ಜಾಗ ಅಲ್ಲ, ಅಷ್ಟೇ. ಜೊತೆಗಾರರನ್ನ ಹುಡುಕಲು ಇದಕ್ಕಿಂತ ಒಳ್ಳೇ ಜಾಗ ಇಲ್ಲ. ಈಗಿನ ನನ್ನ ಗುಂಪಿನ ಮೂವರು ಸಿಕ್ಕಿದ್ದು ಅದೇ ದಿನ, ಅದೇ ಊಟದ ಪಾಳಿಯಲ್ಲಿ. ಒಬ್ಬರ ಚೀಲದಲ್ಲೂ ನನ್ನ ಹಾಗೇ ಓದದ ಕಥೆ ಉಳಿದಿತ್ತು. ಕೈಯಲ್ಲಿ ದುಡ್ಡಿಲ್ಲದ ವಿದ್ಯಾರ್ಥಿಗಳು, ಮೊದಲ ಸಲ ಬರೆಯುವವರು ಇಲ್ಲಿಂದಲೇ ಶುರು ಮಾಡಲಿ. ವರ್ಷಕ್ಕೆ ಎರಡು ಸಾಕು. ಅದಕ್ಕಿಂತ ಜಾಸ್ತಿ ಹೋದರೆ ಪ್ರಮಾಣಪತ್ರದ ಫೈಲು ದಪ್ಪ ಆಗುತ್ತದೆ.

ವಸತಿ ಶಿಬಿರ

ಎರಡು-ಮೂರು ದಿನ, ಅಲ್ಲೇ ಉಳಿಯಬೇಕು. ಸಾಹಿತ್ಯ ಅಕಾಡೆಮಿ, ಕೆಲವು ಪ್ರತಿಷ್ಠಾನಗಳು ಆಗಾಗ ನಡೆಸುತ್ತವೆ. ಅರ್ಜಿ ಹಾಕಬೇಕು, ನಿಮ್ಮ ಕಥೆಯನ್ನೋ ಕವಿತೆಯನ್ನೋ ಕಳಿಸಬೇಕು. ಎಷ್ಟೋ ಸಲ ವಯಸ್ಸಿನ ಮಿತಿ ಇರುತ್ತದೆ. ಆರಿಸಿದ 25-30 ಜನ ಇರುವುದರಿಂದ ಮಾತಿಗೆ ತೂಕ ಇರುತ್ತದೆ. ರಾತ್ರಿ ಊಟ ಆದ ಮೇಲೆ ಕಟ್ಟೆಯ ಮೇಲೆ ನಡೆಯುವ ಹರಟೆಯಲ್ಲಿ ಹಗಲಿನ ಗೋಷ್ಠಿಗಿಂತ ಜಾಸ್ತಿ ಕಲಿತದ್ದು ಬಹಳ ಜನರ ಅನುಭವ.

ಆದರೆ ಇದು ನಿಮ್ಮ ಕೈಯಲ್ಲಿ ಇಲ್ಲ. ಯಾವಾಗ ನಡೆಯುತ್ತದೋ, ಆರಿಸುತ್ತಾರೋ ಇಲ್ಲವೋ. ಕೆಲಸದವರಿಗೆ ರಜೆ ಬೇಕು. ಸಣ್ಣ ಮಕ್ಕಳಿರುವ ತಾಯಂದಿರಿಗೆ ಎರಡು-ಮೂರು ರಾತ್ರಿ ಅಂದರೆ ಮನೆಯಲ್ಲೇ ಒಂದು ಗೋಷ್ಠಿ ನಡೆಯಬೇಕು. ಮುಗಿದ ಮೇಲೆ ಒಂದು ವಾಟ್ಸಾಪ್ ಗುಂಪು ಉಳಿಯುತ್ತದೆ. ಅದರಲ್ಲಿ ಎರಡು ತಿಂಗಳು ಕವಿತೆ, ಮೂರನೇ ತಿಂಗಳಿಂದ ಬರೀ 'ಶುಭೋದಯ'. ಅರ್ಜಿ ಹಾಕಿ, ಸಿಕ್ಕರೆ ಹೋಗಿ. ಅದನ್ನೇ ನಂಬಿ ಬರವಣಿಗೆ ನಿಲ್ಲಿಸಬೇಡಿ.

ಫೀ ಕೊಟ್ಟು ಸೇರುವ ವಾರಾಂತ್ಯದ ಗುಂಪು

ಹುಬ್ಬಳ್ಳಿಯಲ್ಲಿ, ಧಾರವಾಡದಲ್ಲಿ ಅಲ್ಲೊಂದು ಇಲ್ಲೊಂದು ನಡೆಯುತ್ತವೆ. ಯಾರದೋ ಮನೆಯ ಹಾಲ್, ಪುಸ್ತಕದಂಗಡಿಯ ಹಿಂದಿನ ಕೋಣೆ, ರಜೆ ದಿನದ ಶಾಲೆ. ಎಂಟು-ಹತ್ತು ಜನ, ಆರೆಂಟು ವಾರ. ನಾನು ಸೇರಿದ್ದಕ್ಕೆ ಎಂಟು ವಾರಕ್ಕೆ 2,000 ರೂಪಾಯಿ ಕೊಟ್ಟಿದ್ದೆ. ಆಗ ಜಾಸ್ತಿ ಅನಿಸಿತ್ತು. ಮೇಲಿನ ಲೆಕ್ಕ ಹಾಕಿ ನೋಡಿ, ವಾರಕ್ಕೆ 250. ನನ್ನ 15 ನಿಮಿಷಕ್ಕೆ ಕೊಟ್ಟದ್ದು ಅಂದುಕೊಂಡರೂ ಲುಕ್ಸಾನಿಲ್ಲ.

ಅಲ್ಲಿ ಆದ ಒಂದು ಸಂಗತಿ ಹೇಳಬೇಕು. ನನ್ನ ಕಥೆ ಸೂರ್ಯ ಮುಳುಗುವುದರಿಂದ ಶುರುವಾಗುತ್ತಿತ್ತು. ಹಕ್ಕಿಗಳು ಗೂಡಿಗೆ ಹೋಗುತ್ತಿದ್ದವು, ಗುಡಿಯ ಗಂಟೆ ಬಡಿಯುತ್ತಿತ್ತು. ಎಲ್ಲರಿಗೂ ಜೆರಾಕ್ಸ್ ಕೊಟ್ಟು ಓದಿದೆ. ಗುಂಪಿನಲ್ಲಿ ರಿಟೈರ್ ಆದ ಮಾಸ್ತರರೊಬ್ಬರಿದ್ದರು. ಪೆನ್ಸಿಲಿನಿಂದ ಎರಡನೇ ಪುಟದ ನಡುವೆ ಒಂದು ಗೆರೆ ಎಳೆದು, "ನನಗ ಕಥಿ ಸುರು ಆಗಿದ್ದು ಇಲ್ಲಿ ನೋಡಪಾ, ಅವ್ವ ಟ್ರಂಕಿನ ಕೀಲಿ ಹುಡುಕಾಕ ಹತ್ತಿದಾಗ" ಅಂದರು. ಅದರ ಹಿಂದಿನ ಒಂದೂವರೆ ಪುಟಕ್ಕೆ ಎರಡು ವಾರ ಕೂತಿದ್ದೆ. ಸಿಟ್ಟು ಬಂತು. ಮನೆಗೆ ಹೋಗುವಾಗ ಚಿಗರಿ ಬಸ್ಸಿನಲ್ಲಿ ಉಣಕಲ್ ದಾಟುವ ತನಕ ಮನಸ್ಸಿನಲ್ಲೇ ಅವರ ಜೊತೆ ಜಗಳ ಮಾಡಿದೆ. ನವನಗರ ಬರುವ ಹೊತ್ತಿಗೆ ಅವರು ಹೇಳಿದ್ದು ಖರೆ ಅನಿಸಿತು. ಮುಂದಿನ ವಾರ ಸೂರ್ಯ, ಹಕ್ಕಿ, ಗಂಟೆ ಎಲ್ಲ ತೆಗೆದು ಕೀಲಿಯಿಂದ ಶುರು ಮಾಡಿ ಮತ್ತೆ ಒಯ್ದೆ. ಮತ್ತೊಮ್ಮೆ ಒಯ್ಯಲು ಮುಂದಿನ ವಾರ ಅಂತ ಒಂದಿತ್ತಲ್ಲ, ನಾನು ದುಡ್ಡು ಕೊಟ್ಟದ್ದು ಅದಕ್ಕೆ.

ತೊಂದರೆ ಇಲ್ಲ ಅಂತಲ್ಲ. ಎಲ್ಲವೂ ನಡೆಸುವವರ ಮೇಲೆ ನಿಂತಿರುತ್ತದೆ. ಒಳ್ಳೇ ಲೇಖಕರೆಲ್ಲ ಒಳ್ಳೇ ಓದುಗರಲ್ಲ. ಕೆಲವರು ಎರಡು ತಾಸೂ ತಮ್ಮ ಕಥೆಯ ಕಥೆ ಹೇಳುತ್ತಾರೆ. ಕೆಲವರು ನಿಮ್ಮ ಕವಿತೆಯನ್ನ ತಮ್ಮ ಕವಿತೆ ಮಾಡಿ ಕೊಡುತ್ತಾರೆ. ಸೇರುವ ಮೊದಲು ಒಂದು ದಿನ ಸುಮ್ನೆ ಬಂದು ಕೂಡಬಹುದಾ ಅಂತ ಕೇಳಿ. ಬೇಡ ಅಂದರೆ ನಾನಂತೂ ದುಡ್ಡು ಕೊಡುವುದಿಲ್ಲ.

ಇನ್ನೊಂದು ಎಚ್ಚರಿಕೆ. "ಕೊನೆಗೆ ನಿಮ್ಮೆಲ್ಲರ ಬರಹದ ಸಂಕಲನ ತರುತ್ತೇವೆ" ಅಂದಾಗ ಖುಷಿ ಆಗುತ್ತದೆ. ಅದರ ಖರ್ಚು ಯಾರದು, ಎಷ್ಟು ಪ್ರತಿ ನೀವೇ ಕೊಳ್ಳಬೇಕು ಅಂತ ಮೊದಲೇ ಕೇಳಿಬಿಡಿ. 40 ಪ್ರತಿ ಮನೆಗೆ ತಂದು, ಮದುವೆ-ಮುಂಜಿವೆಯಲ್ಲಿ ಹಂಚಿ ಖಾಲಿ ಮಾಡಿದವರನ್ನ ಬಲ್ಲೆ.

ಗೆಳೆಯರ ಗುಂಪು

ಧಾರವಾಡಕ್ಕೆ ಇದು ಹೊಸದಲ್ಲ. ಬೇಂದ್ರೆಯವರ ಗೆಳೆಯರ ಗುಂಪು 1920ರ ದಶಕದ್ದು. ಜಿ.ಬಿ. ಜೋಶಿಯವರು 1933ರಲ್ಲಿ ಶುರು ಮಾಡಿದ ಮನೋಹರ ಗ್ರಂಥಮಾಲೆ ಅನ್ನುವ ಪ್ರಕಾಶನದ ಅಟ್ಟ, ಲೇಖಕರು ಸೇರುತ್ತಿದ್ದ ಜಾಗ, ಸುಭಾಸ ರಸ್ತೆಯಲ್ಲಿದೆ. ವಿಮರ್ಶಕ ಕೀರ್ತಿನಾಥ ಕುರ್ತಕೋಟಿಯವರಂಥ ಓದುಗರು ಅಲ್ಲಿದ್ದರು. ಗಿರೀಶ ಕಾರ್ನಾಡರ ಮೊದಲ ನಾಟಕ 1961ರಲ್ಲಿ ಅಚ್ಚಾದದ್ದು ಅಲ್ಲಿಂದಲೇ. ನಾಲ್ಕು ಜನ ಕೂತು, ಒಬ್ಬ ಓದಿ, ಉಳಿದವರು ಕೇಳುವುದಕ್ಕೆ ನಾವು ಈಗ ಕಾರ್ಯಾಗಾರ ಅಂತ ದೊಡ್ಡ ಹೆಸರು ಇಟ್ಟಿದ್ದೇವೆ.

ಖರ್ಚು ಗಿರಮಿಟ್ಟು, ಮಿರ್ಚಿ, ಚಹಾದ್ದು. ನಿಮಿಷಗಳಿಗೆ ಕೊರತೆ ಇಲ್ಲ, ಅದೇ ಕಥೆಯನ್ನ ಮೂರು ಸಲವೂ ಒಯ್ಯಬಹುದು. ನನ್ನ ಅಳತೆಗೋಲಿನಲ್ಲಿ ಇದೇ ಮೇಲೆ ಬರಬೇಕು. ಆದರೆ ಹತ್ತು ಗುಂಪು ಶುರುವಾದರೆ ಅದರಲ್ಲಿ ಎಂಟು, ಒಂದು ವರ್ಷದೊಳಗೇ ಮುಚ್ಚುವುದನ್ನ ಕಂಡಿದ್ದೇನೆ. ಕಾರಣ ಎರಡೇ. ಒಂದು, "ಭಾಳ ಚೊಲೊ ಬರದೀರಿ" ಅನ್ನುವ ಮಾತು. ಮುಖ ನೋಡಿ ಕೆಟ್ಟದ್ದು ಹೇಳಲು ನಮ್ಮವರಿಗೆ ಬಾಯಿ ಬರುವುದಿಲ್ಲ. ಎರಡು, ಮಿರ್ಚಿ ಬಂದ ಮೇಲೆ ಮಾತು ರಾಜಕೀಯಕ್ಕೆ ಹೋದರೆ ವಾಪಸ್ ಬರುವುದಿಲ್ಲ.

ನಮ್ಮ ಗುಂಪಿನಲ್ಲಿ ಮೂರು ಕಟ್ಟುಪಾಡು ಮಾಡಿಕೊಂಡೆವು. ಬರೆದವರು ಓದಿದ ಮೇಲೆ ಹತ್ತು ನಿಮಿಷ ಬಾಯಿ ಬಿಡಬಾರದು, ಸಮರ್ಥನೆ ಕೊಡಬಾರದು. ಕೇಳಿದವರು ಚೊಲೊ, ಕೆಟ್ಟ ಅನ್ನಬಾರದು. ಎಲ್ಲಿ ಎಡವಿದೆ, ಎಲ್ಲಿ ಬ್ಯಾಸರಾಯಿತು, ಎಲ್ಲಿ ಮುಂದೆ ಏನು ಅಂತ ಕುತೂಹಲ ಬಂತು, ಇಷ್ಟೇ ಹೇಳಬೇಕು. ಓದು ಮುಗಿಯುವ ತನಕ ತಿನ್ನಲು ಏನೂ ಇಲ್ಲ. ಈ ಮೂರನೆಯದನ್ನ ಪಾಲಿಸುವುದೇ ಕಷ್ಟ.

ಶಿಸ್ತಿಲ್ಲದವರಿಗೆ, ಅಂದರೆ ಯಾರಾದರೂ ತಾರೀಖು ಕೊಟ್ಟರೆ ಮಾತ್ರ ಬರೆಯುವವರಿಗೆ, ಇದು ಆಗಿಬರುವುದಿಲ್ಲ. ಅವರು ಮೊದಲು ದುಡ್ಡು ಕೊಟ್ಟು ಎಂಟು ವಾರ ಮಾಡಲಿ. ಅಲ್ಲಿ ಸಿಕ್ಕ ಮೂರು ಜನರ ಜೊತೆ ಒಂಬತ್ತನೇ ವಾರದಿಂದ ಗುಂಪು ಕಟ್ಟಲಿ.

ಆನ್‌ಲೈನ್

ಹಾವೇರಿಯಿಂದ ಹುಬ್ಬಳ್ಳಿ 70 ಕಿಲೋಮೀಟರಿಗೂ ಜಾಸ್ತಿ, ಗದಗಿನಿಂದ 60ರ ಹತ್ತಿರ. ಎರಡು ತಾಸಿನ ಗುಂಪಿಗೆ ಅರ್ಧ ದಿನ ರಸ್ತೆಯಲ್ಲೇ ಹೋಗುತ್ತದೆ. ವಾಯವ್ಯ ಸಾರಿಗೆಯ ಸಾಮಾನ್ಯ ಬಸ್ಸಿನಲ್ಲಿ 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ಖರ್ಚು ಉಳಿಯಿತು, ಹೊತ್ತು ಉಳಿಯಲಿಲ್ಲ. ಹಾಗಾಗಿ ರಾತ್ರಿ ಎಂಟರ ಗೂಗಲ್ ಮೀಟ್ ಗುಂಪುಗಳು ದೂರದವರಿಗೆ ಅನುಕೂಲ. ಕಥೆ, ಪ್ರಬಂಧಕ್ಕೆ ನಡೆಯುತ್ತದೆ. ಹಾಳೆ ಮೊದಲೇ ಕಳಿಸಿರುತ್ತಾರೆ, ಎಲ್ಲರೂ ಓದಿಕೊಂಡು ಬಂದಿರುತ್ತಾರೆ. ಗಜಲ್‌ಗೆ, ಲಯದ ಪದ್ಯಕ್ಕೆ ಅಷ್ಟು ಸರಿಬರುವುದಿಲ್ಲ. ನೆಟ್‌ವರ್ಕ್ ಕಡಿದಾಗ ಕಾಫಿಯಾ (ಪ್ರಾಸ) ಎಲ್ಲಿ, ರದೀಫ್ (ಪ್ರಾಸದ ಹಿಂದೆಯೇ ಮರಳಿ ಬರುವ ಪದ) ಎಲ್ಲಿ ಅಂತ ಕಿವಿಗೆ ಗೊತ್ತಾಗಬೇಕಲ್ಲ.

ನಾಟಕ ಬರೆಯುವವರಿಗೆ ಇವು ಯಾವುದೂ ಅಷ್ಟು ಸರಿಹೋಗುವುದಿಲ್ಲ. ಧಾರವಾಡದಲ್ಲಿ ರಂಗಾಯಣ ಇದೆ, ಹವ್ಯಾಸಿ ತಂಡಗಳಿವೆ. ತಾಲೀಮಿನಲ್ಲಿ ಮೂಲೆಗೆ ಕೂತು ನೋಡಿ. ನಿಮ್ಮ ಸಂಭಾಷಣೆಯನ್ನ ಒಬ್ಬ ನಟ ಒಮ್ಮೆ ಬಾಯಿಬಿಟ್ಟು ಓದಿದರೆ ಸಾಕು.

ನಮ್ಮ ಮಾತು ಉಳಿಯುತ್ತದಾ?

ಆಮೇಲೆ ಹೇಳುತ್ತೇನೆ ಅಂದಿದ್ದೆ. ಕಮ್ಮಟ ಅಂದರೆ ಮೊದಲಿಗೆ ಟಂಕಸಾಲೆ, ನಾಣ್ಯ ಅಚ್ಚು ಹಾಕುವ ಜಾಗ. ಹೊರಗೆ ಬರುವ ನಾಣ್ಯ ಎಲ್ಲ ಒಂದೇ ಥರ. ನನಗೆ ಅದೇ ಹೆದರಿಕೆ.

ಸಪ್ತಾಪುರದ ಹುಡುಗಿಯ ಕಥೆಯ ಮೊದಲ ಸಾಲು ಹೀಗಿದೆ: "ಮುಂಜಾನಿಂದ ಒಲಿ ಮುಂದ ಕುಂತಾಕಿ ಎದ್ದಿದ್ದಿಲ್ಲ." ಎಲ್ಲೋ ಒಂದು ಕಮ್ಮಟದಲ್ಲಿ ಅದನ್ನ ಕೆಂಪು ಪೆನ್ನಿನಲ್ಲಿ "ಬೆಳಗ್ಗೆಯಿಂದ ಒಲೆಯ ಮುಂದೆ ಕುಳಿತವಳು ಎದ್ದಿರಲಿಲ್ಲ" ಅಂತ ಮಾಡಿ ಕೊಟ್ಟಿದ್ದಾರೆ. ವ್ಯಾಕರಣ ಸರಿ ಇದೆ. ಆದರೆ 'ಕುಂತಾಕಿ'ಯಲ್ಲಿ ಕಾಣುತ್ತಿದ್ದ ಆ ಹೆಂಗಸು 'ಕುಳಿತವಳು' ಆದ ಕೂಡಲೇ ಯಾವುದೋ ಬೇರೆ ಊರಿಗೆ ಹೋದಂಗಾಯಿತು.

ಇದಕ್ಕೆ ಉಲ್ಟಾ ಕಾಯಿಲೆಯೂ ಇದೆ. ಆಡುಮಾತು ಬಂದರೆ ಸಾಕು, "ಅಗದೀ ನಮ್ಮ ಮಣ್ಣಿನ ವಾಸನಿ ಐತಿ" ಅಂತ ಹೊಗಳಿ ಕೈ ತೊಳೆದುಕೊಳ್ಳುವುದು. ಅದರಿಂದಲೂ ಕಥೆಗೆ ಉಪಯೋಗ ಇಲ್ಲ.

ಒಳ್ಳೇ ಓದುಗರು ಏನು ಮಾಡುತ್ತಾರೆ ಅಂದರೆ, ಕೇಳುತ್ತಾರೆ. ನಮ್ಮ ಮಾಸ್ತರರಿಗೆ ಅದೇ ಸಾಲು ತೋರಿಸಿದಾಗ ಕೇಳಿದ್ದು: "ಈ ಕಥಿ ಹೇಳಾಂವ ಯಾರವಾ? ಅದೇ ಊರಾವನೋ, ಹೊರಗಿನಾವನೋ?" ಅದೇ ಊರವನಾದರೆ ಇಡೀ ಕಥೆ ಆ ಮಾತಿನಲ್ಲೇ ನಡೆಯಲಿ, ನಡುವೆ 'ಆದ್ದರಿಂದ', 'ಹೀಗಿರುವಾಗ' ನುಸುಳಬಾರದು. ಹೊರಗಿನವನಾದರೆ ಮಾತುಕತೆಗೆ ಮಾತ್ರ ಇರಲಿ. ಹುಡುಗಿ ಆ ವಾರ ಕಥೆಯನ್ನ ಪೂರಾ ತಿರುಗಿ ಬರೆದಳು. ಯಾವ ಗುಂಪಿಗೆ ಸೇರುವ ಮೊದಲೂ ಇಂಥ ಒಂದು ಪ್ಯಾರಾ ಕೊಟ್ಟು ನೋಡಿ. ತಿದ್ದಿ ಕೊಡುತ್ತಾರೋ, ಕೇಳುತ್ತಾರೋ ಅಂತ ಗೊತ್ತಾಗಿಬಿಡುತ್ತದೆ.

ಮೂವರಿಗೆ ನಾನು ಹೇಳಿದ್ದು

ಹುಡುಗಿಗೆ ಫೀ ಕೊಡಲು ಆಗುವುದಿಲ್ಲ, ಭಾನುವಾರ ಮಾಕ್ ಟೆಸ್ಟ್ ಬೇರೆ. ತಿಂಗಳಿಗೊಮ್ಮೆ ನಮ್ಮ ಗುಂಪಿಗೆ ಬರಲಿ, ವಸತಿ ಶಿಬಿರಕ್ಕೆ ಅರ್ಜಿ ಹಾಕುತ್ತಿರಲಿ ಅಂದೆ. ವಯಸ್ಸು ಅವಳ ಕಡೆ ಇದೆ.

ಬ್ಯಾಂಕಿನವರಿಗೆ ದುಡ್ಡಿನ ತೊಂದರೆ ಇಲ್ಲ. ಅವರ ಗಜಲ್‌ಗೆ ಕಿವಿ ಬೇಕು, ಎದುರಿಗೆ ಕೂತ ಮನುಷ್ಯರು ಬೇಕು. ಎಂಟು ವಾರ ರೈಲು ಹತ್ತಿ ಹುಬ್ಬಳ್ಳಿಗೆ ಬರ್ರಿ ಅಂದೆ. "ಭಾನುವಾರ ಮನ್ಯಾಗ ಏನ ಹೇಳ್ಲಿ?" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಅಕ್ಕೋರದ್ದೇ ಬೇರೆ. ಮಕ್ಕಳ ಪದ್ಯಕ್ಕೆ ಮೂರನೇ ಇಯತ್ತೆಯ ಮಕ್ಕಳಿಗಿಂತ ಖಡಕ್ ವಿಮರ್ಶಕರು ಯಾವ ಕಮ್ಮಟದಲ್ಲಿ ಸಿಗುತ್ತಾರೆ? ಮೊದಲು ನಿಮ್ಮ ಕ್ಲಾಸಿನಲ್ಲಿ ಹಾಡಿಸಿ ನೋಡ್ರಿ, ಆಮೇಲೆ ಹಾವೇರಿಯಲ್ಲಿ ನಾಲ್ಕು ಜನರನ್ನ ಹುಡುಕೋಣ ಅಂದೆ. ಮೊನ್ನೆ ಫೋನ್ ಮಾಡಿದ್ದರು. ಇಲಿಯ ಪದ್ಯ ಹಾಡಿಸಿದರಂತೆ. ಮೊದಲೆರಡು ಸಾಲು ಎಲ್ಲ ಮಕ್ಕಳೂ ಕುಣಿಯುತ್ತಾ ಹಾಡಿದರಂತೆ, ಮೂರನೇ ಸಾಲಿಗೆ ಎಲ್ಲರೂ ಎಡವಿದರಂತೆ. ಅಲ್ಲಿ 'ಮೂಷಿಕ' ಅಂತ ಬರೆದಿದ್ದರು. "ಒಬ್ಬಾಂವ ಎದ್ದು ನಿಂತು, ಅಕ್ಕೋರ ಇಲಿ ಎಲ್ಲಿ ಹೋತು ಅಂತ ಕೇಳಿದಾ" ಅಂತ ನಕ್ಕರು. ಆ ಸಾಲು ತಿದ್ದಿದ್ದಾರೆ. ಈ ಭಾನುವಾರ ಹಾವೇರಿಗೆ ಒಯ್ಯುತ್ತಾರಂತೆ.